ಬಾಲ ಎಲ್ಲಿ?

ದರ್ಖಾನ್ ಪಟ್ಟಣದ ಮುದ್ರಣದಂಗಡಿ. ಹೊರಗೆ ಹಿಮ.
ಬೇಸಿಗೆಯಲ್ಲಿ ಓಟ ಗೆದ್ದ ಕುದುರೆಗೆ
ಈಗ ಪ್ರಶಸ್ತಿಪತ್ರ.
ಲುವ್ಸಂದಾಶ್ ಮುದುಕ ಕಾದಿದ್ದಾನೆ, ಟೊಪ್ಪಿ ತೊಡೆಯ ಮೇಲೆ.

ಮೇಲಿನಿಂದ ಕೆಳಕ್ಕೆ ಇಳಿಯಬೇಕಾದ ಲಿಪಿ
ಪರದೆಯಲ್ಲಿ ಅಡ್ಡ ಬಿದ್ದಿದೆ.
ಮುದುಕ ಕತ್ತು ವಾಲಿಸಿ ನೋಡಿದ:
"ಬೆನ್ನು ಮುರಿದಿದೆ. ಹಲ್ಲು ಚೆಲ್ಲಿವೆ.
ಬಾಲ ಎಲ್ಲಿ?"
ಅವರ ಅಕ್ಷರಕ್ಕೂ ಹಲ್ಲು, ಬೆನ್ನು, ಹೊಟ್ಟೆ, ಬಾಲ;
ಕುದುರೆಗಿರುವುದೆಲ್ಲ.

"ಫಾಂಟ್ ಬಂದಿಲ್ಲ ಅಜ್ಜ,
ಕಡತವೊಂದೇ ಬಂದಿದೆ," ಎಂದಳು ಒಯುನ್‌ಚಿಮೆಗ್.
"ಸವಾರನಿಲ್ಲದೆ?"
"ಹ್ಞೂಂ."

ಹುಡುಕಿ ಇಳಿಸಿದಳು, ಕಡತದ ಹೊಟ್ಟೆಯೊಳಗೇ ಹುದುಗಿಸಿದಳು,
ಸಾಲಿನ ದಿಕ್ಕು ತಿರುವಿದಳು.
ಗೆಣ್ಣಿಗೆ ಗೆಣ್ಣು ಕೂಡಿ
ಹೆಸರು ಎದ್ದು ನಿಂತಿತು.

ಮುದುಕ ತಕ್ಷಣ ಕಾಗದ ಮುಟ್ಟಲಿಲ್ಲ.
ಈಗಷ್ಟೇ ಎದ್ದ ಮರಿಯನ್ನು
ತನ್ನ ಕಾಲ ಮೇಲೆ ತಾನೇ ನಡುಗಲು ಬಿಡಬೇಕು.
ಶಾಯಿ ಒಣಗುವವರೆಗೆ ಕಾದ.