ಚಿಲ್ಲರೆ ಬಾಕಿ

ಬಿಪಿ ನೂರೆಂಬತ್ತು ದಾಟಿದ್ದೇ ಡಾಕ್ಟರು ಅಂದರು:
ಮಾತ್ರೆ ಬರೆದಿದ್ದೇನೆ, ಜೊತೆಗೆ ದಿನಾ ಇಪ್ಪತ್ತು ನಿಮಿಷ
ಕಣ್ಣು ಮುಚ್ಚಿ ಸುಮ್ಮನೆ ಕೂತುಕೊಳ್ಳಿ.
ಮೂವತ್ತೊಂದು ವರ್ಷ ಬಸ್ಸಿನಲ್ಲಿ ನಿಂತವನಿಗೆ
ಕೂರುವುದೂ ಒಂದು ವಿದ್ಯೆ, ಅವರಿಗೇನು ಗೊತ್ತು.

ಕಾಜುಬಾಗದ ಮಹಡಿಯಲ್ಲಿ ಚಾಪೆ ಹಾಸಿ
ಯೋಗದ ಮೇಡಂ ಮೆಲ್ಲಗೆ ಹೇಳಿದರು:
ಯೋಚನೆ ಬಂದರೆ ಬರಲಿ, ಹೋದರೆ ಹೋಗಲಿ,
ಯಾವುದನ್ನೂ ಹಿಡಿದು ಕೇಳಬೇಡಿ.
ಟಿಕೆಟ್ ಕೇಳದೆ ಹೇಗೆ ಬಿಡಲಿ, ಮೇಡಂ?
ಹತ್ತಿದ್ದೆಲ್ಲಿ, ಇಳಿಯುವುದೆಲ್ಲಿ,
ಅರ್ಧವೋ ಪೂರ್ತಿಯೋ,
ಸೀಟಿನಡಿಯ ಕೋಳಿಗೆ ಲಗೇಜು ಯಾರದು?
ಮೂರನೇ ದಿನ ಚಾಪೆ ಸುತ್ತಿಟ್ಟು ಬಂದೆ.

ಈಗ ಬೆಳಕು ಹರಿಯುವ ಮೊದಲು, ಕಾರವಾರದ ದಂಡೆಯಲ್ಲಿ
ಯಾರೋ ಮಗುಚಿಟ್ಟ ಪಾತಿದೋಣಿಯ ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತೇನೆ.
ಕೂರ್ಮಗಡ ಇನ್ನೂ ಕತ್ತಲೆಯದೇ ಒಂದು ತುಂಡು.
ಓಂ ಎನ್ನಲು ಬಾಯಿ ತೆರೆದರೆ
ಬರುವುದು, ಬಿಣಗಾ.

ಬಿಣಗಾ, ಅರ್ಗಾ, ತೋಡೂರು, ಅಮದಳ್ಳಿ,
ಅವರ್ಸಾ, ಅಂಕೋಲಾ, ಹತ್ತು ನಿಮಿಷ, ಚಾ ಕುಡಿಯುವವರು ಕುಡಿದು ಬನ್ನಿ,
ಮಾದನಗೇರಿ, ಹಿರೇಗುತ್ತಿ, ಮಿರ್ಜಾನ,
ದಿವಗಿಯಲ್ಲಿ ಕಡಲಿಗೆ ಬೆನ್ನು ಹಾಕಿ ಎಡಕ್ಕೆ,
ಕತಗಾಲ.
ಆಮೇಲೆ ಘಟ್ಟ.

ತಡೆಯಲು ನೋಡಿದೆ ಮೊದಮೊದಲು. ಆಗಲಿಲ್ಲ.
ಉಸಿರಿಗೊಂದು ಸ್ಟಾಪು, ಸ್ಟಾಪಿಗೊಂದು ಮುಖ.
ಅರ್ಗಾದಲ್ಲಿ ಹತ್ತಿ, ಕಂಬಿ ಹಿಡಿದು ನಿಂತಲ್ಲೇ
ನಿದ್ದೆ ಹೋಗುತ್ತಿದ್ದ ಕೂಲಿಯವರು: ಅವರ ಸೊಂಟ ನೆಟ್ಟಗಿರಲಿ.
ಅವರ್ಸಾದ ಹುಡುಗಿ, ಪರೀಕ್ಷೆಯ ದಿನವೇ
ಪಾಸು ಮರೆತು ಅತ್ತವಳು: ಪಾಸಾಗಿರಲಿ.
ಮಿರ್ಜಾನಿನ ಜಾಫರ್ ಸಾಬರು, ವಾರಕ್ಕೆರಡು ಸಲ ಡಯಾಲಿಸಿಸ್‌ಗೆ;
ಬರುವಾಗ ಊರಿಡೀ ಸುದ್ದಿ, ಮರಳುವಾಗ ಮೌನ.
ಒಂದು ಮಂಗಳವಾರ ಸ್ಟಾಪಿನಲ್ಲಿ ಕಾಣಲಿಲ್ಲ.
ಅವರ ಸೀಟಿಗೆ ಟವೆಲ್ ಹಾಕಿ
ಅಂಕೋಲೆಯವರೆಗೆ ಖಾಲಿ ಒಯ್ದೆ, ಬೈಸಿಕೊಂಡೆ.
ಅದಕ್ಕೆ ಪ್ರಾರ್ಥನೆ ಅನ್ನುತ್ತಾರೆಂದು ಆಗ ತಿಳಿದಿರಲಿಲ್ಲ.

ಡ್ರೈವರ್ ಇನಾಸನಿಗೆ ತಿಳಿದಿತ್ತು.
ದೇವಿಮನೆಯ ಮೊದಲ ತಿರುವಿಗೆ ಎದೆಯ ಮೇಲೆ ಶಿಲುಬೆ ಎಳೆದು
ಅದೇ ಕೈಯಲ್ಲಿ ಗೇರು ಇಳಿಸುವನು.
ಮೇಲೆ ದೇವಿಯ ಗುಡಿಯೆದುರು ನಿಧಾನಿಸಿ
ಒಂದು ರೂಪಾಯಿ ಎಸೆ ಮಾರಾಯ,
ಎರಡೂ ಕಡೆ ಹೇಳಿಟ್ಟರೆ ಬ್ರೇಕಿಗೆ ಒಳ್ಳೆಯದು.

ಹಿರೇಗುತ್ತಿಯಲ್ಲಿ ಮಾತ್ರ ಉಸಿರು
ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ.
ಸೋಮಿ, ಕುತ್ತಿಗೆ ತುಂಬ ಕರಿಮಣಿ, ತಲೆಯ ಮೇಲೆ ಬಸಳೆಯ ಬುಟ್ಟಿ.
ಟಿಕೆಟಿನ ಹಿಂದೆ ನಾನೇ ಬರೆದಿದ್ದೆ, ಇಪ್ಪತ್ಮೂರು ಬಾಕಿ.
ಸೀಟಿ ಊದಿದ ಮೇಲೆ ನೆನಪಾಗಿ
ಬಾಗಿಲಲ್ಲಿ ಜೋತು ಕೂಗಿದೆ, ಚಿಲ್ಲರೆ!
ಬುಟ್ಟಿ ಅಲುಗದಂತೆ ಕೈಯೆತ್ತಿದಳು:
ಅಡ್ಡಿಲ್ಲ ತಮಾ, ನಾಳೆ ಕೊಡು.
ನಾಳೆ ನನ್ನನ್ನು ಹಳಿಯಾಳ ಡಿಪೋಕ್ಕೆ ಹಾಕಿದ್ದರು.

ರಿಟೈರಾದ ಮೇಲೆ ಹುಡುಕಿ ಹೋದೆ.
ಯಾವ ಸೋಮಿ, ಎಂದರು. ಆ ಕೊಪ್ಪದಲ್ಲಿ ಐದು ಸೋಮಿಯರು.
ಐವರಿಗೂ ಕೊಟ್ಟು ಬರಬಹುದಿತ್ತು;
ಬುದ್ಧಿ ಬಂದದ್ದು ವಾಪಸು ಬಸ್ಸಿನಲ್ಲಿ.

ಹೀಗೆ ಬಾಕಿ ಇದೆ. ದಿನಾ ಹೋಗಿ ಹೇಳಿ ಬರುತ್ತೇನೆ.
ದಿನಾ ಅವಳದು ಒಂದೇ ಮಾತು.
ಅಡ್ಡಿಲ್ಲ ತಮಾ.
ಆಗ ಎದೆಯೊಳಗೆ ಯಾರೋ ಇಳಿದು ಸೀಟು ಖಾಲಿಯಾದ ಹಾಗೆ,
ಕಿಟಕಿಯ ಪಕ್ಕದ್ದು, ಗಾಳಿ ಬರುವಂಥದ್ದು.
ಸುಖ ಅಂದರೆ ಇದೇ ಇರಬೇಕು, ಅಥವಾ ಅದರ ಹಿಂದಿನ ಸ್ಟಾಪು.
ಬಿಪಿ ಇನ್ನೂ ನೂರೈವತ್ತು.

ಶಿರಸಿ ತಲುಪಿದ್ದು ಅಪರೂಪ.
ಬಂಡಲ ಬರುವಷ್ಟರಲ್ಲಿ ದೋಣಿಯವನು ಬೆನ್ನ ಹಿಂದೆ ತಟ್ಟುತ್ತಾನೆ:
ಏಳಿ, ನೀರಿಗಿಳಿಸಬೇಕು.
ಮಗುಚಿದ್ದನ್ನು ಇಬ್ಬರೂ ಹೊರಳಿಸಿ, ಹೆಗಲು ಕೊಟ್ಟು ತಳ್ಳುತ್ತೇವೆ.
ತೆರೆಯೊಂದು ಅಡಿಗೆ ಬಂದು ಅದನ್ನೆತ್ತಿಕೊಂಡಾಗ
ನನಗರಿವಿಲ್ಲದೆ ಬಾಯಿಂದ
ರೈಟ್.