ಕೂಡಲು ಜಾಗ

ಮೂರನೇ ಪೀರಿಯಡ್ಡಿಗೆ ಕರೆಂಟು ಹೋಯಿತು.
ಶಹಾಬಾದದ ಹೆಣ್ಣುಮಕ್ಕಳ ಸಾಲಿ, ಎಂಟನೇ ಬಿ.
ಕೆಳಗೆ ಊರ ಕಲ್ಲಿನ ಹಾಸು, ಮೇಲೆ ಅದೇ ಕಲ್ಲಿನ ಮಾಳಿಗೆ,
ನಡುವೆ ನಲವತ್ತೊಂದು ಹುಡುಗಿಯರು, ನಾನು,
ಜೂನ್ ಎರಡನೇ ವಾರದ ಝಳ.

ಮೇಜಿನ ಮೇಲೆ ನನ್ನ ಹವಾಮಾನ ಇಲಾಖೆ:
ಬಲೂನು ಬಿಗಿದ ಉಪ್ಪಿನಕಾಯಿ ಭರಣಿ,
ಅದರ ನೆತ್ತಿಗೆ ಅಂಟಿಸಿದ ಕಸಬರಗಿ ಕಡ್ಡಿ.
ಗಾಳಿಯ ತೂಕ ಹೇಳಬೇಕಾದ್ದು
ಸೋಮವಾರದಿಂದ ಬರೀ ಬಿಸಿಲಿನ ಚಾಡಿ ಹೇಳುತ್ತಿದೆ.
ಪಕ್ಕದಲ್ಲಿ ಎರಡು ಥರ್ಮಾಮೀಟರು; ಒಂದರ ಬುಡಕ್ಕೆ
ನನ್ನ ಮಗನ ಬೂಟಿನ ಲಾಡಿ, ಲಾಡಿಯ ತುದಿ ನೀರಲ್ಲಿ.
ಒಣಗಿದ್ದು ಮೂವತ್ತೆಂಟು, ಒದ್ದೆಯದು ಇಪ್ಪತ್ತೈದು.
"ಹದಿಮೂರು ಎಲ್ಲಿ ಹೋಯ್ತು?" ಅಂದೆ.

ಲಾಲಬಿ ಕೈ ಎತ್ತಲಿಲ್ಲ, ಎದ್ದೇ ನಿಂತಳು:
"ನೀರು ಹಾರ್ತದ್ರಿ ಟೀಚರ್, ಹಾರುವಾಗ ಬಿಸಿ ಹೊತ್ಕೊಂಡು ಹೋಗ್ತದ.
ನಮ್ಮ ಅಬ್ಬಾ ಕೂಲರಿಗಿ ಹುಲ್ಲು ಕಟ್ಟತಾನ."
ಪುಸ್ತಕದಲ್ಲಿ ಇದಕ್ಕೆ ಎರಡು ಪುಟ.
ಎರಡನ್ನೂ ಮಗುಚಿ ಹಾಕಿದೆ.

ಆಮೇಲೆ ಬಾಟಲಿ.
ತಳದಲ್ಲಿ ನಾಲ್ಕು ಚಮಚ ಬಿಸಿನೀರು, ಮುಚ್ಚಳ ಬಿಗಿ.
ಹಿಂಡು, ಬಿಡು. ಹಿಂಡು, ಬಿಡು.
ದೇವಿಂದ್ರಮ್ಮನ ಬೆರಳು ಕೆಂಪಾದವು,
ಮೋಡ ಬರಲಿಲ್ಲ.
"ಇದರದ್ದೂ ಮಳಿಗಾಲ ತಡಾ ಆಗ್ಯಾದೇನ್ರಿ?"
ಹಿಂದಿನ ಸಾಲಿನಿಂದ ಯಾವುದೋ ಧ್ವನಿ.
ನಗು ಇಳಿಯಲಿ ಎಂದು ಕಾದೆ.
ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.
ಹತ್ತೊಂಬತ್ತು ವರ್ಷದಲ್ಲಿ ಕಲಿತದ್ದು ಇಷ್ಟೇ:
ಸೋಲುವ ಪ್ರಯೋಗ ಮೊದಲು ಮಾಡಬೇಕು,
ಮಾಡಿ ಸುಮ್ಮನಿರಬೇಕು.

"ಆವಿ ಅದ. ಬಿಟ್ಟಾಗ ತಂಪೂ ಆಗ್ತದ. ಮತ್ತೇನು ಕಮ್ಮಿ?"

ಯಾರೂ ಹೇಳಲಿಲ್ಲ, ನಾನೇ ಹೇಳಿದೆ.
ಆವಿ ಅಲೆಮಾರಿ, ತನ್ನಷ್ಟಕ್ಕೆ ಹನಿಯಾಗಲಾರದು.
ಕೂಡಲು ಒಂದಿಷ್ಟು ಜಾಗ ಬೇಕು ಅದಕ್ಕೆ,
ಕೂತರೆ ತಾನೇ ಕೂಡುವುದು.
ಉಪ್ಪಿನ ಹರಳು, ಹೊಗೆಯ ಚೂರು,
ಇಲ್ಲವೇ ಧೂಳು.

ಧೂಳು ಅಂದದ್ದೇ ತಡ
ನಲವತ್ತು ಕತ್ತು ಹೊಸ್ತಿಲ ಕಡೆ ತಿರುಗಿದವು.
ಅಲ್ಲಿ ಚಾಂದಿ, ಹೋದ ವಾರ ಸೇರಿದವಳು,
ಪಾಲಿಶ್ ಮಷಿನ್ನಿನ ಶೆಡ್ಡಿಗೆ ಅವ್ವನ ಬುತ್ತಿ ಮುಟ್ಟಿಸಿ
ಅಲ್ಲಿಂದಲೇ ಸಾಲಿಗೆ ಬರುವವಳು.
ಹುಬ್ಬು ಬೆಳ್ಳಗೆ, ಚೀಲ ಬೆಳ್ಳಗೆ.
'ಪೌಡರ್' ಅಂತ ಹೆಸರಿಟ್ಟಿದ್ದಾರೆಂದು
ಅವತ್ತೇ ನನಗೆ ತಿಳಿದದ್ದು.
ಹಾಜರಿ ಕರೆದಿದ್ದೆ ಆರು ದಿನ,
ಎಲ್ಲಿ ಕೂಡುತ್ತಾಳೆ ನೋಡಿರಲಿಲ್ಲ.

ಅವಳು ಎದ್ದು ಬಂದಳು. ಮುಖ ಗಂಟು.
ಚೀಲ ಬೋರಲು ಹಾಕಿ ಬಾಟಲಿಯ ಬಾಯಿಗೆ
ಎರಡು ಸಲ ಬಡಿದಳು,
ಯಾರ ಮೇಲೋ ಸಿಟ್ಟಿದ್ದ ಹಾಗೆ.
ಮುಚ್ಚಳ. ಹಿಂಡು. ಬಿಡು.

ಏನೋ ಬಂತು.
ಕನ್ನಡಿಯ ಮೇಲೆ ಬಿಟ್ಟ ಉಸಿರಿನಷ್ಟು.
ಲಾಲಬಿ ಕಂಡೆ ಅಂದಳು, ದೇವಿಂದ್ರಮ್ಮ ಇಲ್ಲ ಅಂದಳು,
ಮೊಬೈಲ್ ಬ್ಯಾಟರಿ ಹಚ್ಚಿ ನಾನೂ ನೋಡಿದೆ,
ಖರೇ ಹೇಳಬೇಕೆಂದರೆ ಖಾತ್ರಿಯಿಲ್ಲ.
ಇನ್ನೊಂದು ಬಾಟಲಿಗೆ ಊದುಬತ್ತಿಯ ಹೊಗೆ ಬಿಟ್ಟೆ;
ಮೋಡ ದಟ್ಟವಾಗಿ ಇಳಿಯಿತು, ಕ್ಲಾಸು ಕೂಗಿತು,
ಪಕ್ಕದ ಗಣಿತದವರು ಬಾಗಿಲಿಗೆ ಬಂದು ಗದರಿದರು.

ಚಾಂದಿ ಕೂಗಲಿಲ್ಲ. ಬರೆಯುತ್ತಿದ್ದಳು.
ಬಗ್ಗಿ ನೋಡಿದೆ:
*ಕಲ್ಲಿನ ಪುಡಿ – ಜರಾ.
ಊದಬತ್ತಿ – ಬಾಳ.
ಏನೂ ಹಾಕದಿದ್ರ – ಇಲ್ಲ.*
ನಾನು ಬೋರ್ಡಿನ ಮೇಲೆ ಬರೆಯದಿದ್ದ ಮೂರನೇ ಸಾಲು.

ಮಾಳಿಗೆಯ ಮಳೆ ಅಳೆಯುವ ಡಬ್ಬಿ ಅವಳಿಗೆ ಕೊಟ್ಟೆ,
ಜೊತೆಗೊಂದು ರಜಿಸ್ಟರು, ಎರಡು ಗೆರೆ ಎಳೆದದ್ದು:
ತಾರೀಖು, ಮಳೆ.
ಮರುದಿನ ನೋಡಿದರೆ ಸ್ಕೇಲಿಲ್ಲದೆ, ಸೊಟ್ಟಗೆ,
ಇನ್ನೊಂದು ಗೆರೆ ಎಳೆದಿದ್ದಾಳೆ ಹುಡುಗಿ:

*ಮಳಿ – ಸೊನ್ನಿ.
ಧೂಳು – ಡಬ್ಬಿಯ ತಳ ಕಾಣಲ್ಲ.*