ಷರಾ

ವೇ-ಬಿಲ್ಲಿನ ಕೊನೆಗೆ ‘ಷರಾ’ ಎಂದೊಂದು ಕಾಲಮ್ಮಿದೆ,
ಎರಡು ಬೆರಳಿನಗಲ.
ಹನ್ನೊಂದು ವರ್ಷ ಅದರಲ್ಲೊಂದು ಅಡ್ಡಗೆರೆ ಎಳೆದು
ಸಹಿ ಮಾಡಿದ್ದೇನೆ.
ಇವತ್ತು ಎಳೆಯಲಿಲ್ಲ.

ಮಾಜಾಳಿಯಿಂದ ಎಂಟೂ ಹತ್ತಕ್ಕೆ ಬಿಟ್ಟೆವು.
ಅದರ ಹಿಂದಿನದು ಆರೂವರೆಗೆ.
ನಡುವಿನ ಏಳೂ ಇಪ್ಪತ್ತರದನ್ನು
ಆದಾಯವಿಲ್ಲವೆಂದು ದೀಪಾವಳಿಗೆ ನಿಲ್ಲಿಸಿದರು.
ನಿಲ್ಲಿಸಿದ್ದು ಬಸ್ಸನ್ನು,
ನಿಂತದ್ದು ಜನ.

ಹಾಗಾಗಿ ಐವತ್ತರ ಬಸ್ಸಿನಲ್ಲಿ ತೊಂಬತ್ತೊಂದು.
ಅರವತ್ತೆಂಟು ಹೆಂಗಸರು, ಎಲ್ಲ ಶೂನ್ಯ ಟಿಕೆಟು.
ಶೂನ್ಯಕ್ಕೂ ಮೆಷಿನ್ನು ಟರ್ರೆಂದು ಕಾಗದ ಉಗುಳುತ್ತದೆ.
ಶೂನ್ಯಕ್ಕೂ ಮೊಣಕೈ ಇದೆ, ಬುತ್ತಿಡಬ್ಬಿ ಇದೆ,
ಒಂಬತ್ತು ಗಂಟೆಯ ಹಾಜರಿ ಇದೆ.

ಮೀನಿನ ಬುಟ್ಟಿ ಹತ್ತಿಸಬಾರದು, ಗೊತ್ತು.
ಮಾಣಿಕಬಾಯಿ ತಾಂಡೇಲರ ಬುಟ್ಟಿ ಹಿಂದಿನ ಮೆಟ್ಟಿಲ ಮೇಲಿತ್ತು.
ಅದನ್ನೂ ಬರೆಯುತ್ತಿದ್ದೇನೆ. ದಂಡ ಹಾಕುವುದಾದರೆ
ಮೇಲೆ ನನ್ನ ಹೆಸರಿದೆ, ಬಿಲ್ಲೆ ನಂಬರಿದೆ.

ಸದಾಶಿವಗಡದ ತಿರುವಿಗೆ ಬಂದು ನಿಂತೆವು.
ಮುಂದೆ ಗೋವೆಯ ಲಾರಿ, ಅದರ ಮುಂದೆ ಬಿಳಿ ಕಾರು,
ಅದರ ಮುಂದೆ ಇನ್ನೊಂದು, ಅದೂ ಬಿಳಿ,
ಒಂದೊಂದರಲ್ಲೂ ಒಂದೊಂದು ತಲೆ, ಫೋನಿಗೆ ಬಾಗಿದ್ದು.
ಉಲ್ಲಾಸ ಗುನಗಿ ಇಂಜಿನ್ನು ಆರಿಸಿ
ಬೆರಳು ಮಡಿಸಿ ಎಣಿಸಿದ:
ಕಣ್ಣಿಗೆ ಕಾಣುವಷ್ಟರಲ್ಲಿ ಕಾರು ನಲವತ್ತು, ಜನ ಐವತ್ತಮೂರು.
‘ಅಕ್ಕಾ, ಇಷ್ಟೂ ಜನ ನಮ್ಮ ಇನ್ನೊಂದು ಗಾಡಿಯಲ್ಲಿ ಹಿಡೀತಾರೆ.’
ಆ ಇನ್ನೊಂದು ಗಾಡಿ
ಡಿಪೋದ ಮೂಲೆಯಲ್ಲಿ ಟಯರಿಲ್ಲದೆ ಕಲ್ಲಿನ ಮೇಲೆ ಕೂತಿದೆ.
ಡ್ರೈವರ್ ಸೀಟಿನಡಿ ಬೆಕ್ಕು ಮರಿ ಹಾಕಿದೆ.
ಇದು ದೂರಲ್ಲ, ಸ್ಥಿತಿ.

ಎಂಟೂ ಮೂವತ್ತೇಳು: ಪರೀಕ್ಷೆಯಿದ್ದ ಹುಡುಗಿಯೊಬ್ಬಳು ಇಳಿದು
ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು.
ಆಮೇಲೆ ಇಬ್ಬರು ನರ್ಸುಗಳು.
ಆಮೇಲೆ ಕೋರ್ಟಿನ ಜವಾನ, ಕೊಡೆ ಊರಿಕೊಂಡು.
ಆಮೇಲೆ ಇಡೀ ಬಸ್ಸೇ ಬಸ್ಸಿನಿಂದ ಇಳಿಯಿತು.

ಮಾಣಿಕಬಾಯಿ ಸಿಂಬೆ ಸುತ್ತಿ ತಲೆಗಿಟ್ಟು
‘ಉಕಲ್ ಗೋ’ ಅಂದರು. ಎತ್ತಿಕೊಟ್ಟೆ.
ಐಸು ಕರಗಿದ ನೀರು ನನ್ನ ಖಾಕಿ ತೋಳಿನೊಳಗೆ ಇಳಿಯಿತು.
‘ನಮ್ಮ ಅವ್ವನ ಕಾಲಕ್ಕೆ ಇಲ್ಲಿ ತಾರಿ ಇತ್ತು.
ತಾರಿಯವ ಬುಟ್ಟಿಗೆ ಬೇಡ ಅಂದವನಲ್ಲ.
ಎರಡು ಬಂಗಡೆ ತಗೊಳ್ತಿದ್ದ, ಅಷ್ಟೇ.’

ಕಂಡಕ್ಟರು ಬಸ್ಸು ಬಿಟ್ಟು ಹೋಗುವ ಹಾಗಿಲ್ಲ.
ಫುಟ್‌ಬೋರ್ಡಿನ ಮೇಲೆ ನಿಂತು ನೋಡಿದೆ:
ಸೇತುವೆಯ ಉದ್ದಕ್ಕೂ ನನ್ನ ಪ್ರಯಾಣಿಕರು,
ಕೈಯಲ್ಲಿನ್ನೂ ಟಿಕೆಟು.
ಕೆಳಗೆ ಕಾಳಿ, ಇಳಿತದ ಹೊತ್ತು,
ಯಾರಿಗೂ ಹಾರ್ನು ಹೊಡೆಯದೆ
ಕಡಲಿಗೆ ಹೋಗುತ್ತಿತ್ತು.

ಖಾಲಿ ಬಸ್ಸು ಕಾರವಾರ ಮುಟ್ಟಿದ್ದು ಹತ್ತೂ ಐದು.
ಮಾರ್ಕೆಟ್ಟಿನ ಬದಿಗೆ ಮಾಣಿಕಬಾಯಿ
ಆಗಲೇ ಕಾಲು ಬುಟ್ಟಿ ಮಾರಿ ಮುಗಿಸಿದ್ದರು.
ನಮ್ಮನ್ನು ಕಂಡು ಕೈ ಎತ್ತಿದರು,
ತಡವಾಗಿ ಶಾಲೆಯಿಂದ ಬಂದ ಮಕ್ಕಳಿಗೆ ಎತ್ತುವ ಹಾಗೆ.
ಆ ಹುಡುಗಿ ಪರೀಕ್ಷೆಗೆ ಮುಟ್ಟಿದಳೋ ಇಲ್ಲವೋ
ಗೊತ್ತಾಗಲಿಲ್ಲ. ಅದಕ್ಕೆ ಕಾಲಮ್ಮಿಲ್ಲ.

ಆದಾಯ: ಮುನ್ನೂರ ತೊಂಬತ್ತೊಂದು.
ವಿಳಂಬದ ಕಾರಣ: ‘ವಾಹನ ದಟ್ಟಣೆ ಅಂತ ಬರಿ, ಸಾಕು’
ಎಂದರು ಕಂಟ್ರೋಲರು ಪಡವಳಕರ, ಚಾ ಆರಿಸುತ್ತ.
ಬರೆದೆ. ಬರೆದ ಮೇಲೆ
ಮಳೆ ಬಂತು ಅಂದ ಹಾಗೆ ಕೇಳಿಸಿತು,
ಯಾರೂ ಮಾಡದೆ ತಾನಾಗಿ ಆದದ್ದರ ಹಾಗೆ.

ಅದಕ್ಕೇ ಈ ಷರಾ. ಜಾಗ ಸಾಲದೆ
ಹಾಳೆ ತಿರುಗಿಸಿದ್ದೇನೆ, ತಾವೂ ತಿರುಗಿಸಬೇಕು.
ಏಳೂ ಇಪ್ಪತ್ತರದನ್ನು ಮತ್ತೆ ಬಿಡಿ.
ಬೆಳಗಿನ ಎರಡು ತಾಸು ಸೇತುವೆಯ ಮೇಲೆ
ಬಸ್ಸಿಗೊಂದು ಸಾಲು ಬಿಡಿಸಿಕೊಡಿ ಎಂದು
ಯಾರಿಗೆ ಬರೆಯಬೇಕೋ ಅವರಿಗೆ ಬರೆಯಿರಿ.
ಹಿಂದಿನ ಮೆಟ್ಟಿಲ ಬಳಿ ಬುಟ್ಟಿ ಜಾರದಂತೆ ಒಂದು ಕಂಬಿ.
ಮೂಲೆಯ ಗಾಡಿಗೆ ಆರು ಟಯರು.

ಬೆಕ್ಕಿನ ಮರಿಗಳು ನಾಲ್ಕಿವೆ, ಕಣ್ಣು ಬಿಟ್ಟಿವೆ.
ಅವುಗಳ ವ್ಯವಸ್ಥೆ ನಾನು ನೋಡಿಕೊಳ್ಳುತ್ತೇನೆ.